ಹನ್ನೊಂದಡಿ ಉದ್ದ, ಮೂರಡಿ ಅಗಲ

ಮನೆಗೂ ಕಾಂಪೌಂಡಿಗೂ ನಡುವೆ
ಮೇಸ್ತ್ರಿ ಮರೆತುಬಿಟ್ಟ ಜಾಗ.
ಮೂವತ್ತೊಂದು ವರ್ಷ ಟಿಕೆಟ್ ಹರಿದ ಕೈಗೆ
ರಿಟೈರಾದ ಮರುದಿನವೇ ಗುದ್ದಲಿ ಕೊಟ್ಟೆ.
ಚಿಲ್ಲರೆ ತುಂಬುತ್ತಿದ್ದ ಚರ್ಮದ ಚೀಲದಲ್ಲಿ ಈಗ
ಹೀರೆ ಬೀಜ, ಚಪ್ಪರದವರೆ,
ಹೆಸರು ಮರೆತ ಇನ್ನೊಂದಿಷ್ಟು.

ಮೊದಲ ಗೇಣು: ಎಂ-ಸ್ಯಾಂಡು, ಟೈಲ್ಸಿನ ಚೂರು,
ಮೂಟೆಯ ಆಕಾರದಲ್ಲೇ ಸತ್ತು ಸೆಟೆದ ಸಿಮೆಂಟು,
ಒಂದು ಗುಟ್ಕಾ ಪೊಟ್ಟಣ, ಬಣ್ಣವಿನ್ನೂ ಮಾಸಿಲ್ಲ.
ಎರಡನೆಯ ಗೇಣು: ಕೆಮ್ಮಣ್ಣು.
ಒಣಗಿದರೆ ಇಟ್ಟಿಗೆ, ನೆನೆದರೆ ಚಪ್ಪಲಿ ಕಸಿಯುತ್ತದೆ.
ನಮ್ಮೂರ ಮಣ್ಣು ಎಂದು ಹಿಗ್ಗಿದೆ.
ಅದೂ ಇಲ್ಲಿಯದಲ್ಲವಂತೆ; ಸೈಟು ಎತ್ತರಿಸಲು
ದೇವನಹಳ್ಳಿ ಕಡೆಯಿಂದ ರಾತ್ರೋರಾತ್ರಿ
ಲಾರಿಯಲ್ಲಿ ಬಂದಿಳಿದದ್ದು, ಟಿಕೆಟಿಲ್ಲದೆ.

ಮೂರನೆಯ ಗೇಣಿಗೆ ಗುದ್ದಲಿಯ ಸದ್ದೇ ಬದಲಾಯಿತು.
ಕಪ್ಪು, ಮೆತ್ತಗೆ, ತಣ್ಣಗೆ.
ನಡುವೆ ತೊಗರಿಬೇಳೆಯಷ್ಟೇ ದೊಡ್ಡ, ಬೆಳ್ಳನೆಯ ಬಸವನಹುಳುವಿನ ಚಿಪ್ಪು,
ಒಂದಲ್ಲ, ಎಣಿಸಲಾಗದಷ್ಟು.
"ಇಲ್ಲಿ ಸಮುದ್ರ ಇತ್ತಾ ತಾತ?" ಅಂದಳು ಮೊಮ್ಮಗಳು.
"ಇಲ್ಲ ಮಗಾ, ಕೆರೆ."
"ಈಗೆಲ್ಲಿ ಹೋಯ್ತು?"
ಕಾಲ ಕೆಳಗೆ ತೋರಿಸಿದೆ. ಆಮೇಲೆ ಅಡುಗೆಮನೆ.
ಆಮೇಲೆ ಎದುರು ಸಾಲು, ಮೊಬೈಲ್ ಟವರು, ನರ್ಸಿಂಗ್ ಹೋಮು.
ಬೆರಳನ್ನು ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ.

ನೆಟ್ಟದ್ದೆಲ್ಲ ಹಳದಿಯಾಯಿತು.
ಎಲೆ ಹಳದಿ, ನರ ಮಾತ್ರ ಹಸಿರು,
ಯಾರೋ ಮ್ಯಾಪು ಬರೆದಂತೆ.
ಹೊರಮಾವಿನ ಸಿಗ್ನಲ್ಲಿನಲ್ಲಿ ಮೀನು ಮಾರುವ
ಪಕ್ಕದ ಮನೆಯ ಜಲಜಕ್ಕ ಬಂದರು, ಗಂಗೊಳ್ಳಿಯವರು.
ಮೇಲುಮಣ್ಣಿನದೊಂದು ಚಿಟಿಕೆ ನಾಲಿಗೆಗೆ ತಾಗಿಸಿ
"ಉಪ್ಪೇ ಇಲ್ಲ" ಅಂದರು,
ಸಾರಿನ ಬಗ್ಗೆ ಹೇಳುವ ಹಾಗೆ.
ಲಿಂಬೆ ಹಿಂಡಿದರು. ಮಣ್ಣು ಬುಸುಬುಸು ನೊರೆಯಿತು.
"ಕಂಡ್ರಾ, ಸಿಮೆಂಟಿನ ಸುಣ್ಣ ತಿಂದು ಕೂತಿದೆ.
ಅನ್ನ ಬೇಕಾದಷ್ಟಿದೆ, ಗಿಡಕ್ಕೆ ಬಾಯಿ ಬರೋದಿಲ್ಲ."

ಆ ಸಂಜೆ ಮೆಟ್ಟಿಲ ಮೇಲೆ ಕೂತು ತಮ್ಮೂರ ಹೊಯ್ಗೆಯ ಕತೆ ಹೇಳಿದರು.
ಕೊಡ ಬಗ್ಗಿಸಿದರೆ ನೀರು ನೆಲಕ್ಕೆ ಮುಟ್ಟಿದ್ದೇ ಸುಳ್ಳು,
ಕಣ್ಣು ಮಿಟುಕಿಸುವುದರೊಳಗೆ ಪಾತಾಳ.
ಗಾಳಿ ಬಂದರೆ ಎಳೆ ಎಲೆಯ ಅಂಚು ಸುಡುವ ಉಪ್ಪು.
ಅಂಥಲ್ಲಿ ಅವರಜ್ಜಿ ಮೀನಿನ ತಲೆ, ಒಲೆಯ ಬೂದಿ,
ಹೊಳೆಯಂಚಿನ ಕೆಸರು ಹೊತ್ತು ತಂದು
ಬಸಳೆಗೊಂದು ಬುಡ ಕಟ್ಟಿದರಂತೆ.
"ನಿಮ್ಮದು ಹಿಡಿದದ್ದು ಬಿಡದ ಮಣ್ಣು,
ನಮ್ಮದು ಹಿಡಿಯಲೇ ಅರಿಯದ ಮಣ್ಣು.
ಎರಡಕ್ಕೂ ಮದ್ದು ಒಂದೇ, ಕೊಳೆತದ್ದು."

ಕಬ್ಬಿನ ಹಾಲಿನ ಗಾಡಿಯಿಂದ ಸಿಪ್ಪೆ ತಂದೆ.
ಪಾರ್ಕಿನ ಗೇಟಿನಲ್ಲಿ ಸುಡಲಿಟ್ಟ ಮಳೆಮರದೆಲೆ
ನಾಲ್ಕು ಗೋಣಿ, ಪೌರಕಾರ್ಮಿಕಳಿಗೆ ಒಂದು ಟೀ ಕೊಟ್ಟು.
ಬೋರಿನ ನೀರು ಬಿಟ್ಟೆ; ಅದು ಬಕೆಟ್ಟಿಗೇ ಬೆಳ್ಳಗೆ ಪದರ ಕಟ್ಟುತ್ತದೆ.
ಎರೆಹುಳ ಬಂದದ್ದು ಎಂಟು ತಿಂಗಳಿಗೆ.
ಒಂದೇ ಒಂದು. ಹೆಂಡತಿಯನ್ನು ಕೂಗಿ ತೋರಿಸಿದೆ.
"ಹಾಲು ಉಕ್ಕೋದು ಬಿಟ್ಟು ಬಂದೆ, ಇದಕ್ಕಾ?"

ಆಮೇಲೆ ಸೆಪ್ಟೆಂಬರಿನ ಆ ರಾತ್ರಿ.
ರಾಜಕಾಲುವೆ ತನ್ನ ಅಗಲ ನೆನಪಿಸಿಕೊಂಡಿತು.
ಫ್ರಿಜ್ಜು ಮಂಚದ ಮೇಲೆ, ನಾವು ಮಹಡಿಯ ಮೇಲೆ.
ಕೆಳಗೆ ಕತ್ತಲಲ್ಲಿ ಕೆರೆ
ತನ್ನ ಹಳೇ ಅಂಗಳದಲ್ಲಿ ಓಡಾಡಿಕೊಂಡಿತ್ತು.

ಬೆಳಿಗ್ಗೆ ಬೀದಿಯೆಲ್ಲ ಪೈಪು ಹಿಡಿದು ತೊಳೆಯುತ್ತಿತ್ತು.
ಖಾಲಿ ಮೀನಿನ ಕ್ರೇಟು ತಲೆಯ ಮೇಲಿಟ್ಟು ಜಲಜಕ್ಕ:
"ತೊಳಿಬೇಡಿ ಮಾರಾಯ್ರೆ, ಗೋಡು!"
ಮೂಸಿದೆ. ಅರ್ಧ ಕೆರೆ, ಅರ್ಧ ಚರಂಡಿ.
"ತಿನ್ನೋದಕ್ಕೆ ಬೇಡ. ಒಂದು ವರ್ಷ ಬಿಸಿಲಿಗಿಡಿ, ಆಮೇಲೆ ಹೂವಿಗೆ."
ಹಾಳಾದ ಸೋಫಾ ಲೆಕ್ಕ ಹಾಕುವುದು ಬಿಟ್ಟು
ಇಬ್ಬರೂ ಒಂಬತ್ತು ಕ್ರೇಟು ತುಂಬಿದೆವು.

ಈಗ ಅವು ಟೆರೇಸಿನ ಮೇಲಿವೆ, ಬಿರುಕು ಬಿಡುತ್ತ.
ನಿನ್ನೆ ಒಂದರಲ್ಲಿ ಮೊಳಕೆ.
ನನ್ನ ಚೀಲದ ಬೀಜವಲ್ಲ. ಚೂಪು, ನೆಟ್ಟಗೆ,
ಹೆಂಡತಿ ಬಗ್ಗಿ ನೋಡಿ ಹೇಳಿದಳು: ಜೊಂಡು.
ಎಷ್ಟು ವರ್ಷ ಮಲಗಿತ್ತೋ ಯಾವ ಮನೆಯ ಕೆಳಗೆ,
ಮೂರನೇ ಮಹಡಿಯಲ್ಲಿ ಬಂದು ಎದ್ದಿದೆ.

ಕೀಳಲೆಂದು ಬಗ್ಗಿದವನು ಹಾಗೇ ನಿಂತೆ.
ಇದಕ್ಕೆ ಯಾವ ಸ್ಟಾಪಿನಿಂದ ಹರಿಯಲಿ ಟಿಕೆಟ್ಟು?